ಪದಚರ್ಚೆ: ‘ರೋಹಿಣಿ’ ಅಂದರೆ ಚುಕ್ಕಿಯೋ, ಮಳೆಯೋ, ದಿನವೋ?

ಎಲ್ಲರಿಗೂ ನಮಸ್ಕಾರ.

ನಾನು ಹಾವೇರಿ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಡಿಸೆಂಬರಿನ ಒಂದು ಸಂಜೆ ಎಂಟನೇ ತರಗತಿಯ ಮಕ್ಕಳನ್ನು ಶಾಲೆಯ ಬಯಲಿಗೆ ಕರೆದುಕೊಂಡು ಹೋಗಿದ್ದೆ. ಏಳೂವರೆ ಹೊತ್ತಿಗೆ ಪೂರ್ವದಲ್ಲಿ ಮಹಾವ್ಯಾಧ (ಒರಾಯನ್) ಎಂಬ ಚುಕ್ಕಿಗಳ ಗುಂಪು ಏಳುತ್ತಿತ್ತು. ಅದರ ನಡುವಿನ ಮೂರು ಚುಕ್ಕಿಗಳ ಸಾಲು ಹಿಡಿದು ಮೇಲಕ್ಕೆ ಹೋದರೆ ಕೆಂಪು ಛಾಯೆಯ ಒಂದು ಚುಕ್ಕಿ ಸಿಗುತ್ತದೆ. ಆಲ್ಡೆಬರಾನ್ ಅನ್ನುವುದು ಅದನ್ನೇ. "ಇದು ರೋಹಿಣಿ" ಎಂದು ತೋರಿಸಿದೆ. ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿದೆ, ಈಗ ನಿಮ್ಮ ಕಣ್ಣಿಗೆ ಬಿದ್ದ ಬೆಳಕು ನಿಮ್ಮ ಅಜ್ಜಿ ಸಣ್ಣವರಿದ್ದಾಗ ಅಲ್ಲಿಂದ ಹೊರಟಿದ್ದು ಎಂದೂ ಹೇಳಿದೆ.

ಆಗ ಒಬ್ಬ ಹುಡುಗಿ ಕೇಳಿದಳು: "ಟೀಚರ್, ರೋಹಿಣಿ ಮಳಿ ಬರೋದು ಸಾಲಿ ಚಾಲೂ ಆಗೋ ಹೊತ್ತಿಗೆ ಅಲ್ರಿ? ಈಗ ಥಂಡ್ಯಾಗ ರೋಹಿಣಿ ಹೆಂಗ ಬಂತ್ರಿ?" ಅವಳ ಮಾತು ಮುಗಿಯುವ ಮೊದಲೇ ಇನ್ನೊಬ್ಬ ಹುಡುಗ, "ನಂದೂ ರೋಹಿಣಿ ನಕ್ಷತ್ರನ ಐತಿ. ನಾ ಹುಟ್ಟಿದ್ದು ಗೋಕುಲಾಷ್ಟಮಿ ಮುಂದ" ಎಂದ. ಒಂದು ರೋಹಿಣಿ ಡಿಸೆಂಬರಿನಲ್ಲಿ, ಒಂದು ಜೂನಿನಲ್ಲಿ, ಒಂದು ಆಗಸ್ಟಿನಲ್ಲಿ. ಮಕ್ಕಳು ಮೂರು ಗುಂಪಾಗಿ ವಾದಕ್ಕೆ ನಿಂತರು. ಮೂರು ಗುಂಪೂ ಹೇಳಿದ್ದು ಸರಿಯೇ ಇತ್ತು. ಅದನ್ನು ಬಿಡಿಸಿ ಹೇಳಲು ಹೋದಾಗ ನನಗೆ ಪದ ಸಾಲಲಿಲ್ಲ. ಅದಕ್ಕೇ ಈ ಪತ್ರ.

ವಿಷಯ ಹೀಗಿದೆ. ಚಂದ್ರ ಆಕಾಶದಲ್ಲಿ ಒಂದು ಸುತ್ತು ಬಂದು ಮತ್ತೆ ಅದೇ ಚುಕ್ಕಿಯ ಹತ್ತಿರ ನಿಲ್ಲಲು 27 ದಿನಕ್ಕೆ ಸ್ವಲ್ಪ ಜಾಸ್ತಿ ಬೇಕು. ಅದಕ್ಕೆ ಹಿರಿಯರು ಅವನ ದಾರಿಯನ್ನು 27 ಪಾಲು ಮಾಡಿದರು. ಒಂದೊಂದು ಪಾಲಿಗೂ ಅಲ್ಲಿ ಎದ್ದು ಕಾಣುವ ಚುಕ್ಕಿಯ ಅಥವಾ ಚುಕ್ಕಿಗಳ ಗುಂಪಿನ ಹೆಸರಿಟ್ಟರು. ಚಂದ್ರ ಒಂದು ಪಾಲು ದಾಟಲು ಹೆಚ್ಚುಕಡಿಮೆ ಒಂದು ದಿನ. ಆ ಹುಡುಗ ಹುಟ್ಟಿದಾಗ ಚಂದ್ರ ರೋಹಿಣಿಯ ಪಾಲಿನಲ್ಲಿದ್ದ, ಅಷ್ಟೇ. ಸೂರ್ಯನೂ ಅದೇ ದಾರಿಯಲ್ಲಿ ಸಾಗುವಂತೆ ನಮಗೆ ಕಾಣುತ್ತಾನೆ. ಅವನಿಗೆ ಸುತ್ತು ಮುಗಿಸಲು ಒಂದು ವರ್ಷ, ಹಾಗಾಗಿ ಒಂದು ಪಾಲಿಗೆ 13-14 ದಿನ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಅವನು ರೋಹಿಣಿಯಲ್ಲಿ. ಆಗ ಬೀಳುವುದೇ ರೋಹಿಣಿ ಮಳೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ರೋಹಿಣಿ ಮಳೆಯ ದಿನಗಳಲ್ಲಿ ರೋಹಿಣಿ ಚುಕ್ಕಿ ಕಾಣುವುದೇ ಇಲ್ಲ. ಅದು ಸೂರ್ಯನ ಜೊತೆಗೇ ಮೂಡಿ, ಜೊತೆಗೇ ಮುಳುಗುತ್ತದೆ. ಆರು ತಿಂಗಳು ಕಳೆದು ಡಿಸೆಂಬರ್ ಬಂದಾಗ ಸೂರ್ಯ ಆಕಾಶದ ಆ ಬದಿಯಲ್ಲಿರುತ್ತಾನೆ, ರೋಹಿಣಿ ಈ ಬದಿಯಲ್ಲಿ. ಆಗ ರಾತ್ರಿಯಿಡೀ ಕಾಣುತ್ತದೆ. "ರೋಹಿಣಿ ಮಳೆಯಾದರೆ ಓಣಿ ತುಂಬಾ ಜೋಳ" ಅನ್ನುವ ಗಾದೆ ಈ ಮಕ್ಕಳಿಗೆಲ್ಲ ಬಾಯಿಪಾಠ. ಆ ಗಾದೆಯ ರೋಹಿಣಿ ಹಗಲಿನ ಬೆಳಕಿನಲ್ಲಿ ಅಡಗಿದ ಚುಕ್ಕಿ ಎಂದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು.

ಈಗ ಪದದ ಮಾತಿಗೆ ಬರುತ್ತೇನೆ. ಪಠ್ಯದಲ್ಲಿ ‘ನಕ್ಷತ್ರ’ ಎಂದರೆ ತನ್ನದೇ ಬೆಳಕಿನಿಂದ ಉರಿಯುವ ಕಾಯ. ಮನೆಯಲ್ಲಿ ‘ನಕ್ಷತ್ರ’ ಎಂದರೆ ದಾರಿಯ ಒಂದು ಪಾಲು, ಇಲ್ಲವೇ ಆ ಪಾಲಿನ ಹೊತ್ತು. ಇವೆರಡೂ ಬೇರೆ ಎಂಬುದಕ್ಕೆ ನಮ್ಮ ಮಾತಿನಲ್ಲೇ ಸಾಕ್ಷಿ ಇದೆ. ಜಾತಕ ಬರೆಯುವವರು "ರೋಹಿಣಿ ಎರಡನೇ ಪಾದ" ಅನ್ನುತ್ತಾರೆ, ಪಾದ ಅಂದರೆ ನಾಲ್ಕರಲ್ಲಿ ಒಂದು ಭಾಗ. ರೈತರೂ "ಮೊದಲ ಪಾದದಲ್ಲೇ ಚೆನ್ನಾಗಿ ಬಿತ್ತು" ಅನ್ನುತ್ತಾರೆ. ಒಂದು ಚುಕ್ಕಿಗೆ ನಾಲ್ಕು ಪಾದ ಇರಲು ಸಾಧ್ಯವಿಲ್ಲ ಅಲ್ವಾ? ಉದ್ದ ಇದ್ದದ್ದಕ್ಕೆ ಮಾತ್ರ ಪಾದ. ಕೃತ್ತಿಕೆಯನ್ನೇ ನೋಡಿ. ಬರಿಗಣ್ಣಿಗೇ ಆರು ಚುಕ್ಕಿ ಎಣಿಸಬಹುದು. ಆದರೂ ಪಂಚಾಂಗದಲ್ಲಿ ಅದು ಒಂದೇ ನಕ್ಷತ್ರ.

ಹಾಗಾದರೆ ಉರಿಯುವ ಕಾಯಕ್ಕೆ ‘ಚುಕ್ಕಿ’ ಎಂದು ಹೇಳಿ, ಪಾಲಿಗೆ ‘ನಕ್ಷತ್ರ’ವನ್ನು ಬಿಟ್ಟುಕೊಡೋಣ ಅಂದುಕೊಂಡೆ. ನನಗೆ ಚುಕ್ಕಿ ತುಂಬ ಇಷ್ಟದ ಪದ. ನಮ್ಮ ಕಡೆ ‘ಚಿಕ್ಕಿ’ ಅನ್ನುತ್ತಾರೆ. ಆದರೆ ಬೆಳ್ಳಿಚುಕ್ಕಿ ನಕ್ಷತ್ರವಲ್ಲ, ಶುಕ್ರ ಗ್ರಹ. ಬಾಲಚುಕ್ಕಿ ಎಂದರೆ ಧೂಮಕೇತು. "ಚುಕ್ಕಿ ಬಿತ್ತು" ಅಂದಾಗ ಬಿದ್ದದ್ದು ಉಲ್ಕೆ. ಬಾನಿನಲ್ಲಿ ಬಿಂದುವಿನ ಹಾಗೆ ಹೊಳೆಯುವುದೆಲ್ಲ ಜನರ ಮಾತಿನಲ್ಲಿ ಚುಕ್ಕಿಯೇ. ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನುವುದನ್ನು ಆ ಪದ ಹೇಳುತ್ತದೆ, ಒಳಗೆ ಏನಿದೆ ಅನ್ನುವುದನ್ನಲ್ಲ. ಬಯಲಿನಲ್ಲಿ ನಿಂತು ನೋಡುವಾಗ ಇದಕ್ಕಿಂತ ಒಳ್ಳೆಯ ಪದ ಇಲ್ಲ. ಪರೀಕ್ಷೆಯ ಉತ್ತರದಲ್ಲಿ ಬರೆದರೆ ಮಾತ್ರ ತಪ್ಪು ಅರ್ಥ ಬರುತ್ತದೆ.

‘ತಾರೆ’ ಎಂದರೆ ಮಕ್ಕಳಿಗೆ ಮೊದಲು ಸಿನಿಮಾ ನೆನಪಾಗುತ್ತದೆ. ಆದರೆ ಖಗೋಳದ ಲೆಕ್ಕ ಹೇಳುವ ಹಳೆಯ ಸಿದ್ಧಾಂತ ಗ್ರಂಥಗಳಲ್ಲಿ ‘ಯೋಗತಾರೆ’ ಎಂಬ ಪದ ಇದೆ. ಒಂದು ಪಾಲನ್ನು ಗುರುತಿಸಲು ಆರಿಸಿಕೊಂಡ ಚುಕ್ಕಿ ಎಂದು ಅರ್ಥ. ಆಲ್ಡೆಬರಾನ್ ರೋಹಿಣಿಯ ಯೋಗತಾರೆ. ಚಿತ್ತೆಗೆ ಸ್ಪೈಕಾ, ಮಖೆಗೆ ರೆಗ್ಯುಲಸ್. ನನ್ನ ಕಷ್ಟದ ಅರ್ಧ ಇಲ್ಲಿಗೇ ತೀರಿತು. ಈ ಪದವನ್ನು ಶಾಲೆಯ ಪುಸ್ತಕದಲ್ಲಿ ಯಾಕೆ ಬಳಸಬಾರದು?

ಇನ್ನರ್ಧಕ್ಕೆ ಪಂಚಾಂಗದಲ್ಲೇ ದಾರಿ ಸಿಕ್ಕಿತು. ಕೆಲವು ಪಂಚಾಂಗಗಳಲ್ಲಿ ಸೂರ್ಯ ಇರುವ ಪಾಲಿಗೆ ‘ಮಹಾನಕ್ಷತ್ರ’ ಎಂದೂ, ಚಂದ್ರ ಇರುವ ಪಾಲಿಗೆ ‘ನಿತ್ಯನಕ್ಷತ್ರ’ ಎಂದೂ ಹಾಕುತ್ತಾರೆ. ಎಷ್ಟು ಸ್ಪಷ್ಟ! ಆದರೆ ‘ಮಹಾ’ ಅಂದರೆ ದೊಡ್ಡದು, ಹಾಗಾದರೆ ಅದು ದೊಡ್ಡ ಚುಕ್ಕಿ ಎಂದು ಮಕ್ಕಳು ತಿಳಿದುಬಿಡುತ್ತಾರೆ. ಅದಕ್ಕೆ ನಾನು ತರಗತಿಯಲ್ಲಿ ‘ಮಳೆನಕ್ಷತ್ರ’, ‘ದಿನದ ನಕ್ಷತ್ರ’ ಎಂದು ಹೇಳುತ್ತಿದ್ದೇನೆ.

ಗ್ರಹದ ಗೊಂದಲವೂ ಇಂಥದ್ದೇ. ನವಗ್ರಹದಲ್ಲಿ ಸೂರ್ಯ, ಚಂದ್ರ, ರಾಹು, ಕೇತು ಎಲ್ಲರೂ ಇದ್ದಾರೆ. 2006ರಲ್ಲಿ ಪ್ಲೂಟೋವನ್ನು ಕೈಬಿಟ್ಟ ಮೇಲೆ ಪಾಠದ ಪಟ್ಟಿಯಲ್ಲಿ ಎಂಟೇ. ಅದಕ್ಕೆ ಇನ್ನೊಂದು ಪತ್ರವೇ ಬೇಕು, ಇಲ್ಲಿ ಬೇಡ.

ಬಲ್ಲವರನ್ನು ಮೂರು ವಿಷಯ ಕೇಳಬೇಕು. ಮೊದಲನೆಯದು, 27ರಲ್ಲಿ ಒಂದು ಪಾಲಿಗೆ ‘ನಕ್ಷತ್ರ’ ಬಿಟ್ಟು ಬೇರೆ ಹೆಸರು ನಿಮ್ಮ ಊರಿನ ಮಾತಿನಲ್ಲಿ ಇದೆಯೇ? ‘ಮನೆ’ ಎಂದರೆ ರಾಶಿಯ ಜೊತೆ ಬೆರೆತುಹೋಗುತ್ತದೆ, ಅದು ಬೇಡ. ಎರಡನೆಯದು, ನಮ್ಮಲ್ಲಿ "ಮಿರಗ ಕೂಡಿತು" ಅನ್ನುತ್ತಾರೆ, ಮೃಗಶಿರಾ ಮಳೆ ಶುರುವಾಯಿತು ಎಂಬ ಅರ್ಥದಲ್ಲಿ. ಸೂರ್ಯ ಹೋಗಿ ಮೃಗಶಿರವನ್ನು ಕೂಡಿಕೊಂಡ ಎಂಬುದೇ ಈ ‘ಕೂಡು’ವಿನ ಮೂಲ ಎಂದು ನನಗೆ ತೋರುತ್ತದೆ. ಹಾಗಿದ್ದರೆ ಇಡೀ ಪಾಠವೇ ಆ ಒಂದು ಪದದಲ್ಲಿದೆ. ನಿಮ್ಮ ಕಡೆ ಮಳೆ ‘ಕೂಡು’ತ್ತದೆಯೋ, ‘ಹುಟ್ಟು’ತ್ತದೆಯೋ, ‘ಹಿಡಿಯು’ತ್ತದೆಯೋ? ಮೂರನೆಯದು, ಆರಿದ್ರಾ, ಹುಬ್ಬೆ, ಚಿತ್ತೆ ಮೊದಲಾದ ಊರ ರೂಪಗಳನ್ನು ತರಗತಿಯ ಗೋಡೆಗೆ ಬರೆಯುವಾಗ ಹಾಗೇ ಇಡಲೋ, ಆರ್ದ್ರಾ, ಪೂರ್ವ ಫಲ್ಗುಣಿ, ಚಿತ್ರಾ ಎಂದು ತಿದ್ದಲೋ? ಹಾಗೇ ಇಡಬೇಕು ಅನ್ನುವುದು ನನ್ನ ಮನಸ್ಸು. ಆ ಹೆಸರುಗಳನ್ನು ಮಕ್ಕಳು ಹೊಲದಿಂದ ತಂದಿದ್ದಾರೆ.

ಆ ಹುಡುಗಿ ಈಗ 27 ಸಾಲಿನ ದೊಡ್ಡ ಚಾರ್ಟ್ ಮಾಡುತ್ತಿದ್ದಾಳೆ. ಮಳೆಯ ಹೆಸರು, ತಾರೀಕು, ಯೋಗತಾರೆ, ರಾತ್ರಿ ಚೆನ್ನಾಗಿ ಕಾಣುವ ತಿಂಗಳು ಎಲ್ಲ ಬರೆದಾಗಿದೆ. ಮೊದಲ ಕಾಲಂನ ತಲೆಬರಹವನ್ನು ಮಾತ್ರ ಪೆನ್ಸಿಲ್‌ನಲ್ಲಿ ಬರೆದು ಬಿಟ್ಟಿದ್ದೇವೆ.