ಭಾರತದಲ್ಲಿರುವ ಎಚ್‌ಐವಿ ಹೆಚ್ಚಾಗಿ ‘ಸಿ’ ಉಪಪ್ರಕಾರದ್ದೇ ಏಕೆ?

ಪ್ರಶ್ನೆ (ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿನಿ):
ನಮ್ಮ ಪಠ್ಯದಲ್ಲಿ ಎಚ್‌ಐವಿಯನ್ನು ಅಮೆರಿಕ, ಯುರೋಪುಗಳ ‘ಬಿ’ ಉಪಪ್ರಕಾರವನ್ನೇ ಮುಂದಿಟ್ಟುಕೊಂಡು ವಿವರಿಸಿದ್ದಾರೆ. ಭಾರತದ ಸೋಂಕುಗಳಲ್ಲಿ ಶೇ 90ಕ್ಕೂ ಹೆಚ್ಚು ‘ಸಿ’ ಎಂದು ಬೇರೆಡೆ ಓದಿದೆ. ಇದು ಹವಾಮಾನಕ್ಕೋ ಜನಾಂಗಕ್ಕೋ ವೈರಸ್ ಹೊಂದಿಕೊಂಡ ಫಲವೇ? ಪರೀಕ್ಷಾ ಕಿಟ್‌ನಲ್ಲಿ ಕಂಟ್ರೋಲ್ ಚುಕ್ಕೆಯ (ಪರೀಕ್ಷೆ ಸರಿಯಾಗಿ ನಡೆದಿದೆಯೆಂದು ತೋರಿಸುವ ಚುಕ್ಕೆ) ಜೊತೆಗೆ 1, 2 ಎಂಬ ಬೇರೆ ಬೇರೆ ಚುಕ್ಕೆಗಳನ್ನೂ ನೋಡಿದೆ. ಉಪಪ್ರಕಾರವೆಂದರೆ ಅದೇ ಏನು?

ಉತ್ತರ 1:
ಅಲ್ಲ. ಆ 1, 2 ಎಂದರೆ ಎಚ್‌ಐವಿ-1, ಎಚ್‌ಐವಿ-2 ಎಂಬ ಎರಡು ಬೇರೆ ವೈರಸ್‌ಗಳು. ಎಚ್‌ಐವಿ-1 ಚಿಂಪಾಂಜಿಯಿಂದಲೂ, ಎಚ್‌ಐವಿ-2 ಪಶ್ಚಿಮ ಆಫ್ರಿಕದ ಸೂಟಿ ಮ್ಯಾಂಗಬೆ ಕೋತಿಯಿಂದಲೂ ಮನುಷ್ಯರಿಗೆ ದಾಟಿದವು. ಇವೆರಡೂ ದಾಯಾದಿಗಳೇ ಹೊರತು ಒಡಹುಟ್ಟಿದವಲ್ಲ. ಎ, ಬಿ, ಸಿ ಮೊದಲಾದವು ಎಚ್‌ಐವಿ-1ರ ‘ಎಂ’ ಎಂಬ ಮುಖ್ಯ ಗುಂಪಿನೊಳಗಿನ ಕವಲುಗಳು; ಉಪಪ್ರಕಾರವೆಂದರೆ ಇವೇ.

ಮಧ್ಯ ಆಫ್ರಿಕದ ಕಾಂಗೊ ದೇಶದ ಕಿನ್ಶಾಸಾ ನಗರದಲ್ಲಿ 1959 ಮತ್ತು 1960ರಲ್ಲಿ ಸಂಗ್ರಹಿಸಿದ್ದ ಎರಡು ಮಾದರಿಗಳಲ್ಲಿನ ವೈರಸ್‌ಗಳು ಅಷ್ಟರಲ್ಲಾಗಲೇ ಪರಸ್ಪರ ಬಹಳ ಬೇರೆಯಾಗಿದ್ದವು. ಆ ಅಂತರದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೂಲ ಪೂರ್ವಜ 20ನೇ ಶತಮಾನದ ಆರಂಭಕ್ಕೆ ಹೋಗುತ್ತದೆ. ಅಲ್ಲಿಂದ ಒಂದು ಕವಲು ಹೈಟಿಯ ಮೂಲಕ ಅಮೆರಿಕ ಸೇರಿ ‘ಬಿ’ ಆಗಿ ಬೆಳೆಯಿತು, ಇನ್ನೊಂದು ದಕ್ಷಿಣ ಆಫ್ರಿಕದತ್ತ ಸಾಗಿ ‘ಸಿ’ ಆಗಿ ಹರಡಿತು. ಭಾರತಕ್ಕೆ ಬಂದು ಬೇರೂರಿದ್ದು ಈ ‘ಸಿ’. ಮೊದಲು ಕಾಲಿಟ್ಟ ಬೀಜವೇ ಹೊಲವನ್ನೆಲ್ಲ ತುಂಬಿತು ಎನ್ನಬಹುದು. ಇದರಲ್ಲಿ ಹವಾಮಾನದ ಪಾತ್ರವಿಲ್ಲ.

ಈ ವೈರಸ್‌ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲಿಸುವ ಕಿಣ್ವಕ್ಕೆ ಕರಡು ತಿದ್ದುವ ಅಭ್ಯಾಸವಿಲ್ಲದ ಕಾರಣ, ಸುಮಾರು 10,000 ಅಕ್ಷರಗಳ ಜೀನೋಮಿನಲ್ಲಿ ತಪ್ಪುಗಳು ಉಳಿದುಕೊಳ್ಳುತ್ತ ಹೋಗುತ್ತವೆ. ಒಂದೇ ಜೀವಕೋಶಕ್ಕೆ ಎರಡು ಕವಲುಗಳು ಹೊಕ್ಕರೆ ಕಿಣ್ವವು ನಡುವೆ ಎಳೆ ಬದಲಿಸಿ ಬೆರಕೆಯನ್ನೂ ಹುಟ್ಟಿಸುತ್ತದೆ. ಥಾಯ್ಲೆಂಡಿನಲ್ಲಿ ಮೊದಲು ‘ಇ’ ಎಂದು ಕರೆದಿದ್ದ ವೈರಸ್‌ಗೆ ಮುಂದೆ ‘ಎಇ’ ಎಂಬ ಬೆರಕೆಯ ಹೆಸರಿಟ್ಟದ್ದು ಹೀಗೆ.

ಉತ್ತರ 2:
ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಆಕಸ್ಮಿಕಕ್ಕೆ ಬಿಟ್ಟುಬಿಡುವುದು ಸರಿಯಲ್ಲ. ವೈರಸ್‌ನ ಜೀನುಗಳಿಗೆ ಚಾಲನೆ ಕೊಡುವ ತುದಿಭಾಗದಲ್ಲಿ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕೂರುವ ತಾಣಗಳು ‘ಬಿ’ಯಲ್ಲಿ ಸಾಮಾನ್ಯವಾಗಿ ಎರಡು, ‘ಸಿ’ಯಲ್ಲಿ ಮೂರು. ತಾಣಗಳು ಹೆಚ್ಚಿದ್ದರೆ ಆ ಚಾಲನೆ ಬಲವಾಗಬಹುದು. ನಾಲ್ಕು ತಾಣಗಳಿರುವ ‘ಸಿ’ ತಳಿಗಳು ಭಾರತದಲ್ಲಿ ಹೆಚ್ಚುತ್ತಿರುವುದನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ 2012ರಲ್ಲಿ ವರದಿ ಮಾಡಿತು. ಬಂದದ್ದು ಆಕಸ್ಮಿಕವಿರಬಹುದು, ಬಂದ ಮೇಲೆ ನೆಲೆಯೂರಲು ಇಂಥ ಅನುಕೂಲವೂ ನೆರವಾಗಿರಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಚಿಕಿತ್ಸೆಯೂ ಬೇರೆಯಾಗಬೇಕಲ್ಲವೇ?

ಉತ್ತರ 1:
ಉಪಪ್ರಕಾರ ನೋಡಿ ಮಾತ್ರೆ ಬದಲಿಸುವುದಿಲ್ಲ. ಆದರೆ ನೀವು ಕಂಡ ಆ ಎರಡನೆಯ ಚುಕ್ಕೆಗೆ ಬೆಲೆಯಿದೆ: ನೆವಿರಪಿನ್, ಎಫಾವಿರೆಂಜ್ ಎಂಬ ಔಷಧಿಗಳು ಎಚ್‌ಐವಿ-2ಕ್ಕೆ ನಾಟುವುದಿಲ್ಲ, ಡೊಲುಟೆಗ್ರಾವಿರ್ ಎಂಬ ಔಷಧಿ ಎರಡಕ್ಕೂ ನಾಟುತ್ತದೆ. ವೈವಿಧ್ಯ ನಿಜವಾಗಿ ಕಾಡುವುದು ಲಸಿಕೆಯ ವಿಷಯದಲ್ಲಿ. 2009ರಲ್ಲಿ ಫಲಿತಾಂಶ ಹೊರಬಿದ್ದ ಥಾಯ್ಲೆಂಡಿನ ಲಸಿಕೆ ಪ್ರಯೋಗ ಶೇ 31ರಷ್ಟು ರಕ್ಷಣೆ ತೋರಿಸಿತ್ತು. ಅದೇ ವಿಧಾನವನ್ನು ‘ಸಿ’ಗೆ ತಕ್ಕಂತೆ ಮಾರ್ಪಡಿಸಿ ದಕ್ಷಿಣ ಆಫ್ರಿಕದಲ್ಲಿ ಪರೀಕ್ಷಿಸಿದಾಗ ರಕ್ಷಣೆಯೇ ಕಾಣದೆ 2020ರಲ್ಲಿ ಲಸಿಕೆ ಹಾಕುವುದನ್ನು ನಿಲ್ಲಿಸಬೇಕಾಯಿತು.