ಅಪ್‌ಡೇಟ್: ಗಾಳಿಯಂತ್ರದ ಆರ್‌ಪಿಎಂ ಈಗ ಸರಿಯಾಗಿ ಬರ್ತಿದೆ

ಕಾರವಾರದ ನಮ್ಮ ತಾರಸಿಯ ಪಿವಿಸಿ ಪೈಪಿನ ಗಾಳಿಯಂತ್ರ ನಿಧಾನಕ್ಕೆ ತಿರುಗಿದ್ರೂ ಅದಕ್ಕೆ ಜೋಡಿಸಿದ ಆರ್ಡುವಿನೋ (ಪುಟ್ಟ ಕಂಟ್ರೋಲರ್ ಬೋರ್ಡ್) ಸಾವಿರದ ಮೇಲೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸ್ತಿತ್ತು ಅಂತ ಕೇಳಿದ್ದೆನಲ್ಲ, ಪರಿಹಾರ ಸಿಕ್ತು. ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದ್ರೆ ಒಳಗಿನ ಲೋಹದ ಎಲೆಗಳು ಮುಚ್ಚೋ ಸ್ವಿಚ್) ತೆಗೆದು ಹಾಲ್ ಸೆನ್ಸರ್ (ಅಲುಗೋ ಭಾಗ ಇಲ್ಲದೆ ಆಯಸ್ಕಾಂತ ಗುರುತಿಸೋ ಚಿಪ್) ಹಾಕಿ ಅಂದವರಿಗೆ ಥ್ಯಾಂಕ್ಸ್. ರೀಡ್ ಸ್ವಿಚ್ಚಿನ ಎಲೆಗಳು ಮುಚ್ಚುವಾಗ ಅದುರಿ, ತಿರುಗೋ ಭಾಗದ ಆಯಸ್ಕಾಂತ ಒಮ್ಮೆ ದಾಟಿದ್ರೆ ಒಂದರ ಬದಲು ನಾಲ್ಕೈದು ಪಲ್ಸ್ (ವಿದ್ಯುತ್ ಸಂಕೇತ) ಬರ್ತಿತ್ತು. ಅದಕ್ಕೂ ಮೊದಲು ಹಾಕಿ ನೋಡಿದ ಶೀಲ್ಡ್ ವೈರಿನಿಂದ (ಹೊರಗಿನ ವಿದ್ಯುತ್ ಗದ್ದಲ ತಡೆಯೋ ಹೊದಿಕೆ ಇರೋ ವೈರು) ಏನೂ ಆಗಲಿಲ್ಲ, ದುಡ್ಡು ದಂಡ.

ನಾನು ಹಾಕಿದ ಹಾಲ್ ಸೆನ್ಸರ್ ಎ3144 ಹಾಕೋರು ಔಟ್‌ಪುಟ್‌ನಿಂದ 5 ವೋಲ್ಟ್‌ಗೆ 10 ಕಿಲೋಓಮ್ ರೆಸಿಸ್ಟರ್ ಕೊಡಲೇಬೇಕು. ಮಜಾ ಏನಂದ್ರೆ, ಅದರ ಅಕ್ಷರ ಬರೆದ ಮುಖ ಆಯಸ್ಕಾಂತದ ದಕ್ಷಿಣ ಧ್ರುವಕ್ಕೆ ಮಾತ್ರ ಸ್ಪಂದಿಸತ್ತೆ! ಆಯಸ್ಕಾಂತ ಮಗುಚಿ ಅಂಟಿಸಿದ ಮೇಲೇ ಪಲ್ಸ್ ಶುರುವಾಗಿದ್ದು. ಎದುರುಬದುರು ಎರಡು ಆಯಸ್ಕಾಂತ ಇದ್ದರೆ, ಸೆಕೆಂಡಿನ ಪಲ್ಸನ್ನು 30ರಿಂದ ಗುಣಿಸಿದ್ರೆ ಆರ್‌ಪಿಎಂ. ಮಧ್ಯಾಹ್ನದ ಕಡಲಗಾಳಿಗೆ ಈಗ 180ರ ಆಸುಪಾಸು. ಉಪ್ಪುಗಾಳಿಗೆ ಸೆನ್ಸರಿನ ಕಾಲು ತುಕ್ಕು ಹಿಡೀದಿರಲಿ ಅಂತ ಎಪಾಕ್ಸಿ ಬಳಿದಿದ್ದೇನೆ. ಮಳೆಗಾಲ ಬಂದಾಗ ಗೊತ್ತಾಗತ್ತೆ.