ಬಗ್ ಹಾಗೇ ಇದೆ, ಬೊಂಬೆ ಮಾತ್ರ ಬಂತು: ಮರ್ಚಂಡೈಸ್‌ಗೆ ಗೇಮ್ ಟೀಮಿನ ಸಮಯ ಎಷ್ಟು ಹೋಗುತ್ತೆ?

ಪ್ರಶ್ನೆ
ನಾನು ಆಡೋ ಗೇಮಿನಲ್ಲಿ ಸೇವ್ ಫೈಲ್ ಕೆಡೋ ಬಗ್ ಎರಡು ಪ್ಯಾಚ್ (ದೋಷ ಸರಿಪಡಿಸೋ ಅಪ್‌ಡೇಟ್) ಬಂದರೂ ಹೋಗಿಲ್ಲ. ಅಷ್ಟರಲ್ಲಿ ಫಿಗರ್ (ಗೇಮ್ ಪಾತ್ರದ ಬೊಂಬೆ), ಟೀ ಶರ್ಟ್, ಆರ್ಟ್ ಬುಕ್ ಪ್ರೀ-ಆರ್ಡರ್ ಶುರು. ‘ಅದು ಬೇರೆ ಟೀಮ್’ ಅಂತ ಎಲ್ಲರೂ ಹೇಳ್ತಾರೆ. ಪೂರ್ತಿ ನಿಜವಾ?

ಉತ್ತರ 1
ಪ್ರೋಗ್ರಾಮರ್‌ಗಳ ಮಟ್ಟಿಗೆ ಬಹುತೇಕ ನಿಜ. ಸಾಮಾನ್ಯವಾಗಿ ಸ್ಟುಡಿಯೋ ಲೈಸೆನ್ಸ್ ಮಾತ್ರ ಕೊಡುತ್ತೆ. ಅಚ್ಚು, ಬಣ್ಣ, ಸಾಗಣೆ ಎಲ್ಲ ಲೈಸೆನ್ಸ್ ತಗೊಂಡವರ ತಲೆನೋವು. ಸ್ಟುಡಿಯೋಗೆ ಮೊದಲು ಮಿನಿಮಮ್ ಗ್ಯಾರಂಟಿ (ಮುಂಗಡವಾಗಿ ಒಪ್ಪಿದ ಕನಿಷ್ಠ ಮೊತ್ತ), ಅದು ವಸೂಲಾದ ಮೇಲೆ ರಾಯಲ್ಟಿ, ಅಂದ್ರೆ ಮಾರಾಟದಲ್ಲಿ ಪಾಲು. ಪೋಕೆಮಾನ್‌ಗಂತೂ ನಿಂಟೆಂಡೊ, ಗೇಮ್ ಫ್ರೀಕ್, ಕ್ರಿಯೇಚರ್ಸ್ ಸೇರಿ 1998ರಲ್ಲಿ ಬ್ರ್ಯಾಂಡ್ ನೋಡಿಕೊಳ್ಳೋಕೇ ಬೇರೆ ಕಂಪನಿ ಕಟ್ಟಿದರು.

ಉತ್ತರ 2
ಆದರೆ ಆರ್ಟ್ ಟೀಮ್ ಬಚಾವಾಗಲ್ಲ. ಗೇಮಿನ ಮಾಡೆಲ್ ಪ್ರಿಂಟರ್‌ಗೆ ಹಾಕಿದರೆ ಬೊಂಬೆ ಬರುತ್ತೆ ಅನ್ನೋದು ಭ್ರಮೆ. ಬಟ್ಟೆಯ ಹೊಲಿಗೆ, ಚರ್ಮದ ಸುಕ್ಕು ಎಲ್ಲ ನಾರ್ಮಲ್ ಮ್ಯಾಪ್‌ನಲ್ಲಿ, ಅಂದ್ರೆ ಮಾಡೆಲ್ ಮೇಲೆ ಹೊದಿಸೋ ಒಂದು ಚಿತ್ರದಲ್ಲಿರುತ್ತೆ. ಅದು ಬೆಳಕಿನ ಕಣ್ಕಟ್ಟು, ಕೆಳಗಿನ ಮೇಲ್ಮೈ ಚಪ್ಪಟೆ. ಕೂದಲು, ಮೇಲಂಗಿಗೆ ದಪ್ಪವೇ ಇರಲ್ಲ, ಒಂದೇ ಪದರದ ಹಾಳೆ. ಹಾಗಾಗಿ ಮೂಲ ಹೈ-ಪಾಲಿ ಸ್ಕಲ್ಪ್ಟ್ (ಸೂಕ್ಷ್ಮ ವಿವರಗಳನ್ನೂ ನಿಜವಾಗಿ ಕೆತ್ತಿದ 3ಡಿ ಮಾಡೆಲ್) ಹುಡುಕಿ ಕೊಡಬೇಕು, ಜೊತೆಗೆ ಸುತ್ತಲಿಂದ ತೆಗೆದ ಟರ್ನ್‌ಅರೌಂಡ್ ಚಿತ್ರ, ಪ್ರತಿ ಬಣ್ಣಕ್ಕೂ ಪ್ಯಾಂಟೋನ್ ನಂಬರ್ (ಬಣ್ಣ ಗುರುತಿಸೋ ಪ್ರಮಾಣಿತ ಸಂಖ್ಯೆ). ಗೇಮ್ ಎಂಜಿನ್ ಬೆಳಕಲ್ಲಿ ಕಾಣೋ ನೀಲಿ ಪ್ಲಾಸ್ಟಿಕ್ಕಿನಲ್ಲಿ ಯಾವ ನೀಲಿ? ಆರ್ಟ್ ಡೈರೆಕ್ಟರೇ ಹೇಳಬೇಕು.

ಆಮೇಲೆ ಅಪ್ರೂವಲ್. ಕಾನ್ಸೆಪ್ಟ್, ಸ್ಕಲ್ಪ್ಟ್, ಬಣ್ಣದ ಮಾದರಿ, ಪ್ರೀ-ಪ್ರೊಡಕ್ಷನ್ ಸ್ಯಾಂಪಲ್, ಪ್ಯಾಕೇಜಿಂಗ್: ಒಂದು ಸಾಮಾನಿಗೆ ಐದು ಹಂತ. ಹತ್ತು ಸಾಮಾನಿದ್ದರೆ ಐವತ್ತು ಸಹಿ, ಒಂದೂ ವಾಪಸ್ ಹೋಗದಿದ್ದರೆ. ವಾಪಸ್ ಹೋಗದೇ ಇರಲ್ಲ. ಕಣ್ಣಿನ ಪ್ರಿಂಟ್ ಕೂದಲೆಳೆಯಷ್ಟು ಜರುಗಿದರೂ ಮುಖ ಬೇರೆಯವರದ್ದಾಗುತ್ತೆ.

ಉತ್ತರ 3
ಸಮಯಕ್ಕಿಂತ ದೊಡ್ಡ ಏಟು ಬೇರೆ ಕಡೆ: ತಾರೀಖು ಮತ್ತು ಡಿಸೈನ್ ಎರಡೂ ಬೀಗ ಬೀಳುತ್ತವೆ. ಉಕ್ಕಿನ ಅಚ್ಚಿನಲ್ಲಿ ಇನ್ನಷ್ಟು ಕೊರೆದು ಬೊಂಬೆಗೆ ಪ್ಲಾಸ್ಟಿಕ್ ಸೇರಿಸೋದು ಸುಲಭ. ಕಡಿಮೆ ಮಾಡಬೇಕಂದ್ರೆ ಅಚ್ಚಿಗೆ ವೆಲ್ಡ್ ಹಾಕಬೇಕು. ಅಷ್ಟು ಹೊತ್ತಿಗೆ ಗೇಮಲ್ಲಿ ಹೆಲ್ಮೆಟ್ ಬದಲಿಸ್ತೀವಿ ಅಂದ್ರೆ ಯಾರೂ ಕೇಳಲ್ಲ. ಕಲೆಕ್ಟರ್ಸ್ ಎಡಿಷನ್ (ಗೇಮ್ ಜೊತೆ ಬೊಂಬೆ ಇತ್ಯಾದಿ ಇರೋ ವಿಶೇಷ ಪೆಟ್ಟಿಗೆ) ಹಡಗು ಹತ್ತಿದ ಮೇಲೆ ರಿಲೀಸ್ ಮುಂದೂಡೋದೂ ಕಷ್ಟ. ಉಳಿದ ಕೆಲಸವೆಲ್ಲ ಡೇ-ಒನ್ ಪ್ಯಾಚ್‌ಗೆ, ಅಂದ್ರೆ ರಿಲೀಸ್ ದಿನವೇ ಬರೋ ಅಪ್‌ಡೇಟ್‌ಗೆ.

ಬೊಂಬೆಯೇ ಗೇಮಿನ ಭಾಗವಾದರೆ ಪ್ರೋಗ್ರಾಮರ್‌ಗಳೂ ಸಿಕ್ಕಿಹಾಕಿಕೊಳ್ಳುತ್ತಾರೆ. ನಿಂಟೆಂಡೊದ ಅಮೀಬೊ ಬೊಂಬೆ ಒಳಗಿನ ಎನ್‌ಎಫ್‌ಸಿ ಚಿಪ್‌ನಲ್ಲಿ (ಹತ್ತಿರ ಹಿಡಿದರೆ ಗೇಮ್ ಓದಿ ಬರೆಯೋ ಚಿಪ್) ಡೇಟಾಕ್ಕೆ ಇರೋದು 504 ಬೈಟ್. ಬರೆಯುವ ಮಧ್ಯೆ ಬೊಂಬೆ ಎತ್ತಿಬಿಟ್ಟರೆ ಏನಾಗಬೇಕು ಅನ್ನೋದಕ್ಕೂ ಕೋಡ್ ಬರೀಬೇಕು, ಟೆಸ್ಟ್ ಮಾಡಬೇಕು. ಹೀಗೇ ಬೊಂಬೆ ಇಟ್ಟು ಆಡೋ ಗೇಮ್ ಡಿಸ್ನಿ ಇನ್ಫಿನಿಟಿ 2013ರಲ್ಲಿ ಬಂತು, 2016ರಲ್ಲಿ ನಿಂತಿತು; ಬೊಂಬೆ ಜೊತೆ ಗೇಮೂ ಹೋಯ್ತು.

ಉತ್ತರ 4
ದುಡ್ಡಿನ ಕಡೆಯಿಂದಲೂ ನೋಡಿ. 2013ರಲ್ಲಿ ಆಂಗ್ರಿ ಬರ್ಡ್ಸ್‌ನ ರೋವಿಯೋ ಆದಾಯದಲ್ಲಿ ಸುಮಾರು 47% ಬೊಂಬೆ, ಬಟ್ಟೆ ಮುಂತಾದ ಸರಕು, ಲೈಸೆನ್ಸ್‌ನಿಂದ. ಮರುವರ್ಷ ಆ ಭಾಗ ಕುಸಿಯಿತು, ನೌಕರರನ್ನು ತೆಗೆಯುವುದೂ ಶುರುವಾಯಿತು.

ನಿಮ್ಮ ಗೇಮ್ ವಿಷಯಕ್ಕೆ: ಪೆಟ್ಟಿಗೆ ಹಿಂದಿನ ಸಣ್ಣಕ್ಷರ ಓದಿ. ತಯಾರಕರಾಗಿ ಬೇರೆ ಕಂಪನಿ ಹೆಸರಿದ್ದರೆ ಸ್ಟುಡಿಯೋ ಪಾಲು ಹೆಚ್ಚಾಗಿ ಅಪ್ರೂವಲ್ ಅಷ್ಟೇ. ಒಳಗೆ ಸ್ಕಿನ್ (ಗೇಮಲ್ಲಿ ಪಾತ್ರದ ವೇಷ) ಪಡೆಯೋ ಕೋಡ್ ಇದ್ದರೆ ಆ ಸ್ಕಿನ್ ಮಾಡಿ ಟೆಸ್ಟ್ ಮಾಡಿದವರು ಗೇಮ್ ಟೀಮಿನವರೇ. ಸೇವ್ ಬಗ್‌ಗೆ ಪ್ಯಾಚ್ ನೋಟ್ಸ್‌ನ ಗೊತ್ತಿರುವ ದೋಷಗಳ ಪಟ್ಟಿ ನೋಡಿ. ಅಲ್ಲಿ ಇಲ್ಲದಿದ್ದರೆ ಪ್ಲಾಟ್‌ಫಾರ್ಮ್, ವರ್ಷನ್ ನಂಬರ್, ಕೆಟ್ಟ ಫೈಲ್ ಸಮೇತ ಸ್ಟುಡಿಯೋಗೆ ಟಿಕೆಟ್ (ದೂರು) ಹಾಕಿ.